ತಪಸ್ಸಿನ ಕಾಲದಲ್ಲಿ ಇಗರ್ಜಿಗಳ ದಾರಿ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಂತೆ ನಮ್ಮ ಉಡುಪಿಯ ಓಣಿಯಲ್ಲಿ ಒಂದು ಬದಲಾವಣೆ ಕಾಣಿಸುತ್ತದೆ. ನೆರೆಯ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆಯ ಮಾತು ನಿಂತುಹೋಗುತ್ತದೆ. ಮದುವೆಯೇ ಇಲ್ಲವೆಂದ ಮೇಲೆ ಅದರ ಮುನ್ನಾದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಇಲ್ಲ, ಹಾಡಿಲ್ಲ, ಬ್ಯಾಂಡಿಲ್ಲ. ಶುಕ್ರವಾರಗಳಂದು ಮಾಂಸದ ಮಸಾಲೆ ಅರೆಯುವ ಸದ್ದೂ ಕೇಳುವುದಿಲ್ಲ. ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ, ಭಾನುವಾರಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸರಿಯಾಗಿ ನಲವತ್ತು ದಿನ. ಕನ್ನಡದಲ್ಲಿ ಇದನ್ನು ತಪಸ್ಸಿನ ಕಾಲ ಎನ್ನುತ್ತಾರೆ. ನಮ್ಮ ಕಡೆಯ ಕೊಂಕಣಿಯಲ್ಲಿ ಕರೆಜ್ಮ್. ಹಿಂದಿನ ವರ್ಷ ಗರಿಗಳ ಭಾನುವಾರದಂದು ಮಂತ್ರಿಸಿ ಕೊಟ್ಟ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಈ ಕಾಲವನ್ನು ಆರಂಭಿಸುತ್ತಾರೆ.

ಉಪವಾಸವೆಂದರೇನೆಂದು ಹೆಂಗಸರಿಗೆ ಯಾರೂ ಕಲಿಸಿಕೊಡಬೇಕಿಲ್ಲ. ಏಕಾದಶಿಗೋ ಸಂಕಷ್ಟಿಗೋ ರಂಜಾನಿಗೋ ಕರೆಜ್ಮಿಗೋ ಹೊಟ್ಟೆ ಕಟ್ಟಿಕೊಂಡು ಮನೆಯ ಉಳಿದವರಿಗೆ ಬಡಿಸುವವರು ನಾವೇ ತಾನೆ? ಆದ್ದರಿಂದಲೇ ಇರಬೇಕು, ನಮ್ಮ ನಿವೃತ್ತ ಶಿಕ್ಷಕಿಯರ ಗುಂಪಿನಲ್ಲಿ ಒಬ್ಬರು "ಈ ಸಲ ಕರೆಜ್ಮಿನ ಒಂದು ಶುಕ್ರವಾರ ಹಳೆಯ ಇಗರ್ಜಿಗಳನ್ನು ನೋಡಿ ಬರುವ, ನೀವೂ ಬನ್ನಿ ಟೀಚರ್" ಎಂದಾಗ ಮರುಮಾತಿಲ್ಲದೆ ಹ್ಞೂಂ ಎಂದೆ. ಇಗರ್ಜಿ ಎಂದರೆ ಚರ್ಚು. ಪೋರ್ಚುಗೀಸರ ಬಾಯಿಂದ ಕೊಂಕಣಿಗೆ ಬಂದು, ಕರಾವಳಿಯ ಕನ್ನಡಕ್ಕೂ ತುಳುವಿಗೂ ಹರಡಿಕೊಂಡ ಮಾತು ಅದು.

ಈ ಕಾಲದಲ್ಲಿ ಗುಂಪಾಗಿ ಇಗರ್ಜಿಗಳನ್ನು ಸಂದರ್ಶಿಸುವುದು ಜಗತ್ತಿನ ಬೇರೆ ಕಡೆಯ ಕ್ಯಾಥೊಲಿಕರಲ್ಲೂ ಇರುವ ರೂಢಿ. 16ನೇ ಶತಮಾನದಲ್ಲಿ ರೋಮ್ ನಗರದಲ್ಲಿ ಫಿಲಿಪ್ ನೇರಿ ಎಂಬ ಸಂತರು ಜನರನ್ನು ಕೂಡಿಸಿಕೊಂಡು ಒಂದೇ ದಿನ ಏಳು ದೇವಾಲಯಗಳಿಗೆ ಹಾಡುತ್ತ ನಡೆದುಹೋಗುತ್ತಿದ್ದರಂತೆ, ದಾರಿಯಲ್ಲಿ ತೋಟವೊಂದರಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದರಂತೆ. ನಮ್ಮದು ನಡಿಗೆಯಲ್ಲ, ಬಾಡಿಗೆಯ ಟೆಂಪೋ ಟ್ರಾವೆಲರ್. ಹನ್ನೆರಡು ಜನ ಹೆಂಗಸರು. ಎಂಟು ಮಂದಿ ಕ್ಯಾಥೊಲಿಕರು, ನಾನೂ ಸೇರಿ ಮೂವರು ಹಿಂದೂಗಳು, ಮತ್ತೊಬ್ಬರು ಬ್ಯಾರಿ ಮನೆತನದ ಗಣಿತದ ಟೀಚರ್. ಎಲ್ಲರಿಗಿಂತ ಹಿರಿಯರಾದ ಒಬ್ಬರು ಎಂಬತ್ತು ದಾಟಿದವರು. ಅವರನ್ನು ಎಲ್ಲರೂ ಬಾಯಿ ಎಂದೇ ಕರೆಯುವುದು. ಬುತ್ತಿಯೂ ತಪಸ್ಸಿನ ಕಾಲಕ್ಕೆ ತಕ್ಕದ್ದೇ: ಪುಂಡಿ, ತೆಂಗಿನಕಾಯಿ ಚಟ್ನಿ, ನೀರುಮಜ್ಜಿಗೆ. ನನ್ನ ತವರು ಸಾಗರದ ಕಡೆ. ಹಾಗಾಗಿ ನನ್ನ ಪಾಲಿನ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಜೊತೆಗಿತ್ತು.

ಮೊದಲು ಹೋದದ್ದು ಊರಿಗೆ ಹತ್ತಿರದ ಕಲ್ಯಾಣಪುರಕ್ಕೆ. ಅಲ್ಲಿಯ ಮಿಲಾಗ್ರಿಸ್ ಇಗರ್ಜಿ 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಪ್ರತ್ಯೇಕವಾದಾಗ ಅದರ ಪ್ರಧಾನ ದೇವಾಲಯವಾಯಿತು. ಮಿಲಾಗ್ರಿಸ್ ಎಂದರೆ ಪವಾಡಗಳು, ಪವಾಡಗಳ ಮಾತೆಯ ಇಗರ್ಜಿ ಎಂದು ಅರ್ಥ. ಇದರ ಮೂಲ 1678ಕ್ಕೆ ಹೋಗುತ್ತದೆ. ಆ ಇಸವಿ ಕಿವಿಗೆ ಬಿದ್ದಾಗ ನನಗೆ ತವರುಮನೆಯ ಹೆಸರು ಕೇಳಿದ ಹಾಗಾಯಿತು. ಏಕೆಂದರೆ ಆಗ ಕರಾವಳಿಯ ಈ ಭಾಗವನ್ನು ಆಳುತ್ತಿದ್ದವಳು ನಮ್ಮ ಕೆಳದಿಯ ರಾಣಿ ಚೆನ್ನಮ್ಮ.

ಚೆನ್ನಮ್ಮನೆಂದರೆ ಔರಂಗಜೇಬನ ಸೈನ್ಯಕ್ಕೆ ಹೆದರದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆ ಶೌರ್ಯದ ಕಥೆಗೆ ಹನ್ನೊಂದು ವರ್ಷ ಮೊದಲು ಅವಳು ಮಾಡಿದ ಇನ್ನೊಂದು ಕೆಲಸವನ್ನು ಪಾಠಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. 1678ರಲ್ಲಿ ಅವಳು ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡು, ಮಿರ್ಜಾನ್, ಹೊನ್ನಾವರ, ಚಂದಾವರ ಮತ್ತು ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ ಕೊಟ್ಟಳು. ಇದನ್ನು ಬರಿಯ ಉದಾರತೆ ಎನ್ನುವಂತಿಲ್ಲ. ಇದರ ಹಿಂದೆ ಅಕ್ಕಿಯ ಲೆಕ್ಕವಿತ್ತು.

ಗೋವಾದ ಪೋರ್ಚುಗೀಸರು ಊಟಕ್ಕೆ ನಂಬಿಕೊಂಡಿದ್ದದ್ದು ನಮ್ಮ ಕೆನರಾ ಕರಾವಳಿಯ ಅಕ್ಕಿಯನ್ನು. ಬಸ್ರೂರು, ಮಂಗಳೂರು ಬಂದರುಗಳಿಂದ ಅಕ್ಕಿಯ ಹಡಗುಗಳು ಹೋಗದಿದ್ದರೆ ಅಲ್ಲಿ ಒಲೆ ಉರಿಯುತ್ತಿರಲಿಲ್ಲ. ಇತ್ತ ಕೆಳದಿಯ ಅರಸರಿಗೆ ಬೇಕಾದದ್ದು ಗದ್ದೆ ಮಾಡುವ ಕೈಗಳು. ಗೋವಾದಿಂದ ಕೊಂಕಣಿ ಮಾತಾಡುವ ಕ್ರೈಸ್ತರು 16ನೇ ಶತಮಾನದಿಂದಲೇ ತೆಂಕಣಕ್ಕೆ ಬರುತ್ತಿದ್ದರು. 1560ರಲ್ಲಿ ಅಲ್ಲಿ ಆರಂಭವಾದ ಇನ್‌ಕ್ವಿಸಿಶನ್ ಎಂಬ ಧಾರ್ಮಿಕ ವಿಚಾರಣೆಯ ಕಾಟಕ್ಕೆ ಕೆಲವರು, ಬರಗಾಲ, ರೋಗಗಳಿಗೆ ಕೆಲವರು, 1683ರಲ್ಲಿ ಸಂಭಾಜಿಯ ದಂಡು ಗೋವಾಕ್ಕೆ ನುಗ್ಗಿದಾಗ ಮತ್ತೆ ಕೆಲವರು. ಬಂದವರು ಬೇಸಾಯ ಬಲ್ಲವರು. ಕಾಡು ಕಡಿದು ಗದ್ದೆ ಮಾಡಿದರು, ಕಂದಾಯ ಕಟ್ಟಿದರು. ಒಕ್ಕಲಿಗೆ ನೆಲ ಕೊಟ್ಟ ಮೇಲೆ ಅವನ ದೇವರಿಗೂ ಜಾಗ ಕೊಡಬೇಕೆಂಬ ವಿವೇಕ ಕೆಳದಿಯವರಿಗಿತ್ತು. ಶಿವಭಕ್ತೆಯಾದ ಚೆನ್ನಮ್ಮನಿಗೆ ಅದರಿಂದ ತನ್ನ ಭಕ್ತಿಗೆ ಕುಂದೆಂದು ಅನಿಸಲಿಲ್ಲ.

ಇದನ್ನು ನಾನು ವಿವರಿಸುತ್ತಿದ್ದಾಗ ಬಾಯಿ ನಕ್ಕು, "ಹಾಗಾದರೆ ನಾವು ನಿಮ್ಮ ತವರಿನ ಒಕ್ಕಲು ಟೀಚರ್, ಉಪ್ಪಿನಕಾಯಿ ಕೊಡದೆ ನಿಮಗೆ ಗತಿಯಿಲ್ಲ" ಎಂದರು.

ಕಲ್ಯಾಣಪುರದಿಂದ ಕಾರ್ಕಳದ ಅತ್ತೂರಿಗೆ ಹೋದೆವು. 1759ರಲ್ಲಿ ಆರಂಭವಾದ ಸಂತ ಲಾರೆನ್ಸರ ಇಗರ್ಜಿ ಅದು; 2016ರಲ್ಲಿ ಅದಕ್ಕೆ ಬಸಿಲಿಕಾ ಎಂಬ ಗೌರವ ಸಿಕ್ಕಿತು. ಜನವರಿಯ ಜಾತ್ರೆಯ ಸಮಯದಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದೂ, ಜೈನ, ಮುಸ್ಲಿಂ ಎಂಬ ಭೇದವಿಲ್ಲದೆ ಜನ ಬಂದು ಮೇಣದ ಬತ್ತಿ ಹಚ್ಚಿ ಹರಕೆ ಒಪ್ಪಿಸುತ್ತಾರೆ. ನಾವು ಹೋದಾಗ ತಪಸ್ಸಿನ ಕಾಲದ ಮೌನ. ವೇದಿಕೆಗೆ ನೇರಳೆ ಬಣ್ಣದ ವಸ್ತ್ರ, ಹೂವಿನ ಅಲಂಕಾರವಿಲ್ಲ. ಜಾತ್ರೆಯ ದೇವರನ್ನು ಜಾತ್ರೆಯಿಲ್ಲದ ದಿನ ನೋಡುವುದರಲ್ಲಿ ಬೇರೆಯೇ ಸುಖವಿದೆ. ಹಬ್ಬದ ಮನೆಯಲ್ಲಿ ಮಾತಿಗೆ ಸಿಗದ ಅತ್ತಿಗೆ, ಹಬ್ಬ ಮುಗಿದ ಮಧ್ಯಾಹ್ನ ಜಗಲಿಯಲ್ಲಿ ಪಕ್ಕಕ್ಕೆ ಬಂದು ಕುಳಿತ ಹಾಗೆ.

ಗೋಡೆಯುದ್ದಕ್ಕೂ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳು ಎಲ್ಲ ಕ್ಯಾಥೊಲಿಕ್ ಇಗರ್ಜಿಗಳಲ್ಲೂ ಇರುತ್ತವೆ. ತಪಸ್ಸಿನ ಕಾಲದ ಶುಕ್ರವಾರಗಳಂದು ಒಂದೊಂದು ಚಿತ್ರದ ಮುಂದೆ ನಿಂತು, ಮೊಣಕಾಲೂರಿ, ಪ್ರಾರ್ಥಿಸುತ್ತ ಮುಂದೆ ಸಾಗುತ್ತಾರೆ. ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗಿನ ಕಥೆ ಅದು. ಆ ದಿನ ನಾನು ಆ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ನಾಲ್ಕನೆಯದರಲ್ಲಿ ದಾರಿಯಲ್ಲಿ ತಾಯಿ ಎದುರಾಗುತ್ತಾಳೆ. ಆರನೆಯದರಲ್ಲಿ ವೆರೋನಿಕಾ ಎಂಬ ಹೆಂಗಸು ಸೈನಿಕರ ನಡುವೆ ನುಗ್ಗಿ ಬೆವರು, ನೆತ್ತರು ತುಂಬಿದ ಮುಖ ಒರೆಸುತ್ತಾಳೆ. ಎಂಟನೆಯದರಲ್ಲಿ ಜೆರುಸಲೇಮಿನ ಹೆಂಗಸರು ಅಳುತ್ತ ನಿಂತಿದ್ದಾರೆ. ಹದಿಮೂರನೆಯದರಲ್ಲಿ ಇಳಿಸಿದ ದೇಹವನ್ನು ತಾಯಿ ಮಡಿಲಲ್ಲಿ ಹಿಡಿದಿರುತ್ತಾಳೆ. ಶಿಷ್ಯರಲ್ಲಿ ಬಹುಮಂದಿ ಓಡಿಹೋದ ದಿನ ದಾರಿಯಲ್ಲಿ ಉಳಿದವರು ಹೆಂಗಸರು. ಯಾರ ಮನೆಯ ಕಷ್ಟದಲ್ಲಾದರೂ ಕಾಣುವ ಚಿತ್ರವೇ ಇದು, ಅಲ್ಲವೇ?

ಮೂಡುಬಿದಿರೆ ತಲುಪುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಇದು ಜೈನರ ಪವಿತ್ರ ಊರು. ಸಾವಿರ ಕಂಬದ ಬಸದಿಯನ್ನು ಕಟ್ಟಿಸಲು ಆರಂಭಿಸಿದ್ದು 1430ರಲ್ಲಿ. ಅದೇ ಊರಿನಲ್ಲಿ ಪವಿತ್ರ ಶಿಲುಬೆಯ ಹೊಸ್ಪೆಟ್ ಇಗರ್ಜಿಯಿದೆ. ಗಾತ್ರದಲ್ಲಿ ಬೇರೆ ಇಗರ್ಜಿಗಳ ಮುಂದೆ ಇದು ದೊಡ್ಡದಲ್ಲ. ಆದರೂ ನಮ್ಮ ಪಟ್ಟಿಯಲ್ಲಿ ಇದನ್ನು ಬಿಡಲು ಬಾಯಿ ಒಪ್ಪಿರಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಇಗರ್ಜಿಗಳನ್ನು ಕೆಡವಲಾಯಿತು. ಅವುಗಳ ಸಂಖ್ಯೆ 27 ಎಂದು ಕ್ಯಾಥೊಲಿಕರ ಇತಿಹಾಸ ಹೇಳುತ್ತದೆ. ಅದರಿಂದ ತಪ್ಪಿಸಿಕೊಂಡದ್ದು ಇದು. ಉಳಿಸಿದವರು ಮೂಡುಬಿದಿರೆಯ ಜೈನ ಅರಸರಾದ ಚೌಟರು ಎಂಬುದು ಪರಂಪರೆಯ ಮಾತು.

ಚೌಟರ ಹೆಸರಿನ ಜೊತೆಗೆ ಇನ್ನೊಂದು ಹೆಸರೂ ನೆನಪಾಗಬೇಕು. ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವಳು, ಅಳಿಯಕಟ್ಟಿನ ಸಂಪ್ರದಾಯದಲ್ಲಿ ಪಟ್ಟಕ್ಕೆ ಬಂದವಳು. 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಅವರೊಂದಿಗೆ ಕಾದಾಡಿದವಳು. ಅವಳ ಮನೆತನದವರೇ ಎರಡು ಶತಮಾನಗಳ ನಂತರ, ಪೋರ್ಚುಗೀಸರ ಧರ್ಮವೆಂದು ಜನ ಬಗೆದಿದ್ದ ಧರ್ಮದ ಗುಡಿಗೆ ಕಾವಲು ನಿಂತರು. ಕಪ್ಪ ಕೇಳಲು ಬಂದ ದೊರೆಗೂ, ಪಕ್ಕದ ಗದ್ದೆ ಮಾಡುವ ಒಕ್ಕಲಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಚೌಟರ ಅರಮನೆಯಲ್ಲಿ ಮರದ ಕೆತ್ತನೆಯ ಕಂಬಗಳಿವೆ. ಒಂದರಲ್ಲಿ ಒಂಬತ್ತು ಹೆಂಗಸರ ಮೈಗಳನ್ನು ಹೆಣೆದು ಆನೆ ಮಾಡಿದ ನವನಾರೀಕುಂಜರ, ಇನ್ನೊಂದರಲ್ಲಿ ಐವರನ್ನು ಹೆಣೆದು ಕುದುರೆ ಮಾಡಿದ ಪಂಚನಾರೀತುರಗ. "ನಾವು ಹನ್ನೆರಡು ಮಂದಿ ಸೇರಿದರೆ ಒಂದು ಟೆಂಪೋವೇ ಆದೀತು ಮಾರಾಯ್ರೆ" ಎಂದರು ಗಣಿತದ ಟೀಚರ್. ಊಟದ ಬುತ್ತಿ ಬಿಚ್ಚಿದ್ದು ಆ ನಗುವಿನಲ್ಲೇ. ಕ್ಯಾಥೊಲಿಕ್ ಗೆಳತಿಯರು ಅರ್ಧ ಹೊಟ್ಟೆ ಉಂಡು ಕೈ ತೊಳೆದರು. ಅದು ಅವರ ಶುಕ್ರವಾರದ ನಿಯಮ.

ಮಧ್ಯಾಹ್ನದ ಮೇಲೆ ಫರಂಗಿಪೇಟೆ. ಹೆಸರೇ ಹೇಳುವಂತೆ ಫರಂಗಿಯವರ ಪೇಟೆ. ನೇತ್ರಾವತಿಯ ದಂಡೆಯ ಈ ಊರಿನ ಮೊಂತೆ ಮರಿಯಾನೊ ಇಗರ್ಜಿ 1526ರಷ್ಟು ಹಳೆಯದೆಂದು ಅಲ್ಲಿಯವರ ಪರಂಪರೆ. ಮೊದಲಿಗೆ ಫ್ರಾನ್ಸಿಸ್ಕನ್ ಸನ್ಯಾಸಿಗಳದ್ದಾಗಿದ್ದು ಈಗ ಅದೇ ಕುಟುಂಬದ ಕಪುಚಿನ್ ಸನ್ಯಾಸಿಗಳ ಆಶ್ರಮವಿದೆ. ಹೊರಗೆ ಮರದ ನೆರಳಿನಲ್ಲಿ ಕುಳಿತಾಗ ನಮ್ಮ ಪ್ರವಾಸದ ಕಠಿಣವಾದ ಮಾತು ಹೊರಗೆ ಬಂತು.

18ನೇ ಶತಮಾನದಲ್ಲಿ ಇಲ್ಲಿ ಜೋಕಿಂ ಮಿರಾಂದಾ ಎಂಬ ಪಾದ್ರಿಗಳಿದ್ದರು. ಹೈದರಾಲಿಗೆ ಅವರ ಮೇಲೆ ಸ್ನೇಹ, ಗೌರವ. 1763ರಲ್ಲಿ ಬಿದನೂರು ಹೈದರನ ವಶವಾದಾಗ ಕೆಳದಿಯ ರಾಜ್ಯ ಮುಗಿಯಿತು. ಕರಾವಳಿಯೂ ಅವನ ಕೈಗೆ ಬಂತು. ಅವನ ಕಾಲದಲ್ಲಿ ಕ್ಯಾಥೊಲಿಕರು ಹೆಚ್ಚಿನ ತೊಂದರೆಯಿಲ್ಲದೆ ಬದುಕಿದರು, ಸೈನ್ಯದಲ್ಲೂ ಸೇರಿದರು. ಅವನ ನಂತರ ಎರಡನೇ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಜನರಲ್ ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ಸೇನಾನಿ ಮಂಗಳೂರನ್ನೂ ಬಿದನೂರನ್ನೂ ಹಿಡಿದ. ಟಿಪ್ಪು ಬಂದು ಅವನ್ನು ಮರಳಿ ಗೆದ್ದ. ಇಂಗ್ಲಿಷರಿಗೆ ಇಲ್ಲಿನ ಕ್ಯಾಥೊಲಿಕರು ನೆರವಾದರೆಂಬ ಸಂಶಯ ಅವನಲ್ಲಿ ಬಲವಾಯಿತು. 1784ರ ಜನವರಿ ಕೊನೆಗೆ ಮಂಗಳೂರು ಕೋಟೆ ಅವನ ವಶವಾಯಿತು. ಫೆಬ್ರವರಿ ಕೊನೆಗೆ, ಬೂದಿ ಬುಧವಾರದ ಹೊತ್ತಿಗೆ, ಕರಾವಳಿಯ ಕ್ಯಾಥೊಲಿಕರನ್ನು ಮನೆ ಮನೆಯಿಂದ ಹಿಡಿಯಲಾಯಿತು. ಪಾದ್ರಿಗಳನ್ನು ದೇಶದಿಂದ ಹೊರಗೆ ಹಾಕಲಾಯಿತು. ಉಳಿದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ? ಆಗ ಅಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಮುಂದೆ 30,000 ಎಂದು ಬರೆದ. ಬೇರೆ ಲೆಕ್ಕಗಳು 60,000ದವರೆಗೂ ಹೋಗುತ್ತವೆ. ದಾರಿಯಲ್ಲಿ, ಸೆರೆಯಲ್ಲಿ, ರೋಗದಲ್ಲಿ ಸತ್ತವರು ಅನೇಕ. ಬಲವಂತದಿಂದ ಮತ ಬದಲಿಸಿದವರು, ಸೈನ್ಯಕ್ಕೆ ಸೇರಿಸಲ್ಪಟ್ಟ ಗಂಡಸರು, ಯಾರದೋ ಮನೆಗೆ ಒಪ್ಪಿಸಲ್ಪಟ್ಟ ಹೆಣ್ಣುಮಕ್ಕಳು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆಯೇ ಆ ಸೆರೆ ಮುಗಿದದ್ದು. ಹದಿನೈದು ವರ್ಷ.

ಬಾಯಿ ಹೇಳಿದ ಅವರ ಮನೆತನದ ಕಥೆ ಇಷ್ಟು: ಮನೆಯಿಂದ ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಹುಡುಗಿ ಹೋದರು. ಹುಡುಗಿಗೆ ಹನ್ನೆರಡು ವರ್ಷವಿರಬಹುದು. ಹಿಂದೆ ಬಂದವಳು ಅವಳೊಬ್ಬಳೇ. ಬರುವಾಗ ಗದ್ದೆಯಲ್ಲಿ ಬೇರೆ ಯಾರೋ ಬೇಸಾಯ ಮಾಡುತ್ತಿದ್ದರು. ಮನೆಯ ಜಾಗದಲ್ಲಿ ತೆಂಗಿನ ಕಟ್ಟೆ ಮಾತ್ರ ಉಳಿದಿತ್ತು. ಅವಳು ಎಲ್ಲಿದ್ದಳು, ಹೇಗಿದ್ದಳು ಎಂಬುದನ್ನು ಯಾರಿಗೂ ಹೇಳಲಿಲ್ಲ. ಅವಳ ಮಕ್ಕಳ ಮಕ್ಕಳಿಗೆ ಅವಳ ಹೆಸರೂ ಉಳಿಯಲಿಲ್ಲ. ಮನೆಯಲ್ಲಿ ಎಲ್ಲರೂ 'ಹಿಂದೆ ಬಂದವಳು' ಎಂದೇ ಹೇಳುತ್ತಾರೆ. ತಪಸ್ಸಿನ ಕಾಲದ ರಾತ್ರಿಗಳಲ್ಲಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ದಾರಿಯಲ್ಲಿ ಉಳಿದವರಿಗಾಗಿ ಎಂದು ಇನ್ನೊಂದು ಪ್ರಾರ್ಥನೆ ಹೇಳುವ ಕ್ರಮ ಅವರ ಮನೆಯಲ್ಲಿ ಈಗಲೂ ಇದೆ.

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮಲ್ಲೊಬ್ಬರು, ಅವರೂ ಕ್ಯಾಥೊಲಿಕರೇ, "ಇದನ್ನೆಲ್ಲ ಈಗ ಯಾಕೆ ಕೆದಕುವುದು ಬಾಯಿ? ಹೊರಗೆ ಹೇಳಿದರೆ ಜಗಳಕ್ಕೆ ಕಾಯುತ್ತಿರುವವರಿಗೆ ಕಡ್ಡಿ ಕೊಟ್ಟ ಹಾಗೆ. ನಾನು ನನ್ನ ಮೊಮ್ಮಕ್ಕಳಿಗೆ ಹೇಳಿಲ್ಲ" ಎಂದರು. ಬಾಯಿ, "ಹೇಳದೆ ಹೋದರೆ ಅವಳು ಎರಡನೇ ಸಲ ಕಳೆದುಹೋಗುತ್ತಾಳೆ ಮಗಾ" ಎಂದರು.

ಎಲ್ಲರ ಕಣ್ಣೂ ತಮಗರಿವಿಲ್ಲದಂತೆ ಗಣಿತದ ಟೀಚರ ಕಡೆಗೆ ಹೋದವು. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನನ್ನ ಕಡೆ ಯಾಕೆ ನೋಡುತ್ತೀರಿ? ನನ್ನ ಅಜ್ಜಿಯ ಅಜ್ಜಿ ಇದೇ ಹೊಳೆಯ ಬದಿಯಲ್ಲಿ ಬೀಡಿ ಎಲೆಯೋ ಅಕ್ಕಿಯೋ ಮಾರುತ್ತಿದ್ದವಳು. ಅವಳನ್ನು ಸುಲ್ತಾನರು ಕೇಳಿ ಯುದ್ಧ ಮಾಡಿದ್ದಲ್ಲ" ಎಂದರು. ಆಮೇಲೆ ಬಾಯಿಯ ಹತ್ತಿರ ಹೋಗಿ ಕುಳಿತು, "ಬಾಯಿ, ನಿಮ್ಮ ಆ ಹುಡುಗಿಯ ಕಥೆಯನ್ನು ನಾನೂ ನನ್ನ ಮಗಳಿಗೆ ಹೇಳುತ್ತೇನೆ. ಆದರೆ ನೀವು ಮೂಡುಬಿದಿರೆಯ ಚೌಟರ ಕಥೆಯನ್ನೂ ಸೇರಿಸಿಯೇ ಹೇಳಬೇಕು" ಎಂದರು. ಬಾಯಿ ಅವರ ಕೈ ಹಿಡಿದುಕೊಂಡರು. ಕೆದಕುವುದು ಬೇಡವೆಂದವರು ಮಾತ್ರ ಕೊನೆಯವರೆಗೂ ತಮ್ಮ ಅಭಿಪ್ರಾಯ ಬಿಡಲಿಲ್ಲ. ಅವರ ಹೆದರಿಕೆಯೂ ಸುಳ್ಳಲ್ಲ.

ಇತಿಹಾಸವನ್ನು ಓದಿದವಳಾಗಿ ನಾನು ಹೇಳಬಹುದಾದದ್ದು ಇಷ್ಟೇ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ಗೌರವದ ಪತ್ರ ಬರೆದು ನೆರವು ಕಳಿಸಿದವನೂ ಇದೇ ಟಿಪ್ಪು. ಮೈಸೂರಿನ ರೇಷ್ಮೆಗೆ ಬುನಾದಿ ಹಾಕಿದವನೂ ಅವನೇ. ಒಂದು ಸತ್ಯವನ್ನು ಹೇಳಿದರೆ ಇನ್ನೊಂದು ಅಳಿಸಿಹೋಗುವುದಿಲ್ಲ. ಶೃಂಗೇರಿಯ ಪತ್ರವನ್ನು ತೋರಿಸಿ ಬಾಯಿಯ ಮನೆಯ ಹುಡುಗಿಯನ್ನು ಮರೆಸಲಾಗದು. ಆ ಹುಡುಗಿಯನ್ನು ತೋರಿಸಿ ಇಂದು ಹೊಳೆಬದಿಯಲ್ಲಿ ಬದುಕುತ್ತಿರುವ ಯಾರ ಮೇಲೂ ಕಲ್ಲೆಸೆಯಲೂ ಆಗದು.

ಎಲ್ಲರೂ ಶ್ರೀರಂಗಪಟ್ಟಣಕ್ಕೆ ತಲುಪಲಿಲ್ಲ, ಎಲ್ಲರೂ ಮಂಗಳೂರಿಗೆ ಮರಳಲೂ ಇಲ್ಲ. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ಆರಂಭವಾದದ್ದು ಹಾಗೆ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಉಳಿದ ಕ್ರೈಸ್ತರನ್ನು ಮತ್ತೆ ಕೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ. ನಮ್ಮ ಜನರ ನಡೆನುಡಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದವರು, ಸಿಡುಬಿನ ಲಸಿಕೆಯನ್ನು ಮೈಸೂರಿನ ಹಳ್ಳಿಗಳಲ್ಲಿ ಹಾಕಿಸಿದವರು ಅವರೇ.

ಅಲ್ಲಿಂದ ಮಂಗಳೂರಿಗೆ. ಬೆಂದೂರು ದಾಟುವಾಗ ನಮ್ಮಲ್ಲಿ ಇಬ್ಬರು ಕಿಟಕಿಗೆ ಮುಖವೊತ್ತಿ ಕುಳಿತರು. ಅವರು ಓದಿದ ಸಂತ ಆಗ್ನೆಸ್ ಕಾಲೇಜು ಅಲ್ಲಿದೆ. ಹುಡುಗಿಯರಿಗಾಗಿಯೇ 1921ರಲ್ಲಿ ಆರಂಭವಾದ ಕಾಲೇಜು. ಅದನ್ನು ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಮೊದಲ ಸಿಸ್ಟರುಗಳು ಮಂಗಳೂರಿಗೆ ಹಡಗಿನಲ್ಲಿ ಬಂದಿಳಿದದ್ದು 1870ರಲ್ಲಿ. 'ಹಿಂದೆ ಬಂದವಳ' ಮೊಮ್ಮಗಳೋ ಮರಿಮಗಳೋ ಆ ಸಿಸ್ಟರುಗಳ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತಿರಬಹುದು. ಸೆರೆಯಿಂದ ಮರಳಿದ ಸಮುದಾಯವೊಂದು ಒಂದು ಶತಮಾನದೊಳಗೆ ಮಗಳನ್ನು ಶಾಲೆಗೆ ಕಳಿಸುವಷ್ಟು ಚೇತರಿಸಿಕೊಂಡಿತು ಎಂಬುದು ನನಗೆ ಎಲ್ಲ ಗೋಪುರಗಳಿಗಿಂತ ಎತ್ತರವಾಗಿ ಕಂಡಿತು.

ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಬಿಷಪ್ ತೋಮಸ್ ದೆ ಕಾಸ್ತ್ರೊ. ಗೋವಾದ ದಿವಾಡಿ ದ್ವೀಪದವರು, ನಮ್ಮ ದೇಶದವರೇ. ಜಾಗ ಕೊಟ್ಟವಳು ಮತ್ತೆ ಕೆಳದಿಯ ಚೆನ್ನಮ್ಮನೆಂದು ಇಗರ್ಜಿಯ ಚರಿತ್ರೆ ಹೇಳುತ್ತದೆ. ಆಗ ಇಲ್ಲಿನ ಕ್ರೈಸ್ತರಿಗೆ ಒಂದು ವಿಚಿತ್ರ ಸಂಕಟವಿತ್ತು. ದೆ ಕಾಸ್ತ್ರೊ ಅವರನ್ನು ನೇಮಿಸಿದ್ದು ರೋಮ್. ಆದರೆ ಪೋರ್ಚುಗಲ್ ದೊರೆಯ ಹಕ್ಕಿನಡಿ ಅಧಿಕಾರ ತನ್ನದೆಂದು ಗೋವಾದ ವಾದ. ಗೋವಾ ತನ್ನ ಕಡೆಯಿಂದ 1681ರಲ್ಲಿ ಜೋಸೆಫ್ ವಾಜ್ ಎಂಬ ಯುವ ಪಾದ್ರಿಯನ್ನು ಕಳಿಸಿತು. ಒಂದೇ ಮನೆಗೆ ಇಬ್ಬರು ಅತ್ತೆಯರಿದ್ದಂತೆ! ಸೊಸೆ ಯಾರ ಮಾತು ಕೇಳಬೇಕು? ವಾಜ್ ಅವರು ಜಗಳ ಬೆಳೆಸದೆ ಮಂಗಳೂರು, ಮೂಲ್ಕಿ, ಬಾರ್ಕೂರು, ಬಸ್ರೂರು, ಗಂಗೊಳ್ಳಿಗಳಲ್ಲಿ ಬರಿಗಾಲಿನಲ್ಲಿ ಸುತ್ತಿ ಜನರ ಕಷ್ಟಸುಖ ನೋಡಿದರು. ಮುಂದೆ ಸಿಂಹಳಕ್ಕೆ ಹೋಗಿ ಅಲ್ಲಿಯೇ ತೀರಿಕೊಂಡ ಅವರನ್ನು 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಉಳಿದದ್ದು ಅರ್ಧ ಗಂಟೆ. ಇಟಲಿಯ ಬೆರ್ಗಮೊ ಕಡೆಯ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿತ್ ಸಹೋದರ 1899ರಿಂದ 1901ರವರೆಗೆ ಇದರ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ. ಗೋಡೆಯ ಹಸಿ ಗಾರೆಯ ಮೇಲೆ, ಅದು ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕಾದ ವಿದ್ಯೆ ಅದು. ರಂಗೋಲಿ ಹಾಕುವವರಿಗೆ, ಸಗಣಿ ಸಾರಿಸಿದ ಅಂಗಳ ಒಣಗುವ ಮುಂಚೆ ಎಳೆ ಎಳೆಯಬೇಕಾದ ಅವಸರ ಗೊತ್ತಿರುವವರಿಗೆ, ಮೊಸ್ಕೇನಿಯ ಕಷ್ಟ ಬೇಗ ಅರ್ಥವಾದೀತು. ಇಲ್ಲಿನ ಮಳೆ, ಸೆಕೆಗಳ ನಡುವೆ ದುಡಿದ ಅವನು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಆಗ ಅವನಿಗೆ ಐವತ್ತೊಂದು ವರ್ಷ.

ಸಂಜೆಗೆ ಬೋಳಾರದ ರೊಜಾರಿಯೊ. ಮಂಗಳೂರಿನ ಮೊದಲ ಇಗರ್ಜಿ ಇದೇ. ಪೋರ್ಚುಗೀಸರು 1568ರಲ್ಲಿ, ಉಳ್ಳಾಲದ ರಾಣಿಯೊಡನೆ ಯುದ್ಧ ಮಾಡಿದ ಕಾಲದಲ್ಲೇ, ಇದನ್ನು ಕಟ್ಟಿದರು. ಅದು 1784ರಲ್ಲಿ ಹೋಯಿತು. 1813ರಲ್ಲಿ ಮತ್ತೆ ಎದ್ದಿತು. ಈಗಿನ ದೊಡ್ಡ ಗುಮ್ಮಟದ ಕಟ್ಟಡ 20ನೇ ಶತಮಾನದ ಆರಂಭದ್ದು. ಪೋರ್ಚುಗಲ್ ದೊರೆಯ ಲಾಂಛನವಿರುವ ಹಳೆಯ ಕಲ್ಲೊಂದನ್ನು ಇಲ್ಲಿ ಇಟ್ಟುಕೊಂಡಿದ್ದಾರೆ. ಸಮೀಪದ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಮನೆ, ಗುಡಿ, ಮಸೀದಿ, ಇಗರ್ಜಿಗಳ ಮೇಲೆ ಕೆಂಪು ಹಂಚು ಹರಡಿದ್ದು ಅಲ್ಲಿಂದ.

ಬೆಳಗಿನಿಂದ ನೋಡಿದ ಹಳೆಯ ಇಗರ್ಜಿಗಳಲ್ಲಿ ಹೆಚ್ಚಿನವುಗಳ ಗೋಡೆ ಅಷ್ಟೇನೂ ಹಳೆಯದಲ್ಲ. ಕೆಡವಿದ ಮೇಲೆ ಕಟ್ಟಿದ್ದು, ಬೆಳೆದ ಊರಿಗೆ ಸಾಲದೆಂದು ಮತ್ತೆ ಕಟ್ಟಿದ್ದು. ಅಲ್ಲಿ ಹಳೆಯದಾಗಿ ಉಳಿದದ್ದು ಜಾಗ, ಹೆಸರು, ಆ ಜಾಗಕ್ಕೆ ಮರಳಿ ಬಂದವರ ಹಟ. ಮುರಕಲ್ಲು ಎಲ್ಲಿಯೂ ಸಿಗುತ್ತದೆ. ಅದೇ ಜಾಗದಲ್ಲಿ ಮತ್ತೆ ಒಲೆ ಹೂಡುವ ಮನಸ್ಸು ಎಲ್ಲಿಯೂ ಸಿಗುವುದಿಲ್ಲ.

ರೊಜಾರಿಯೊದಲ್ಲಿ ಶಿಲುಬೆ ಹಾದಿ ಶುರುವಾಯಿತು. ನಾವು ನಾಲ್ವರು ಹಿಂದಿನ ಬೆಂಚಿನಲ್ಲಿ ಕುಳಿತೆವು. ಮೊಣಕಾಲೂರಲು ಕಷ್ಟವಾದರೂ ಬಾಯಿ ಬೆಂಚಿನ ತುದಿ ಹಿಡಿದು ಹದಿನಾಲ್ಕು ಸಲವೂ ಊರಿದರು, ಎದ್ದರು. ಹಿಂದಿರುಗುವಾಗ ಗಾಡಿಯಲ್ಲಿ ಮಾತು ಕಡಿಮೆ. ಪಣಂಬೂರು ದಾಟಿದ ಮೇಲೆ ಹೆಚ್ಚಿನವರು ನಿದ್ದೆ ಹೋದರು.

ಅಬ್ಬಕ್ಕನ ಹೆಸರು ನಮಗೆ ಗೊತ್ತು. ಚೆನ್ನಮ್ಮನ ಹೆಸರು ಗೊತ್ತು. ಅವರು ರಾಣಿಯರು, ಒಪ್ಪಂದಕ್ಕೆ ಮುದ್ರೆ ಒತ್ತಿದವರು, ಕತ್ತಿ ಹಿಡಿದವರು. ಹನ್ನೆರಡು ವರ್ಷಕ್ಕೆ ಘಟ್ಟ ಹತ್ತಿ ಇಪ್ಪತ್ತೇಳಕ್ಕೆ ಇಳಿದು ಬಂದವಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅವಳು ಉಳಿದಿರುವುದು ಮನೆಯ ಹೆಂಗಸರು ರಾತ್ರಿ ಹೇಳುವ ಒಂದು ಪ್ರಾರ್ಥನೆಯ ಕೊನೆಯಲ್ಲಿ ಮಾತ್ರ. ನಮ್ಮ ಊರುಗಳ ಇತಿಹಾಸದ ಅರ್ಧಪಾಲು ಹೀಗೆ ಹೆಂಗಸರ ನಾಲಗೆಯ ಮೇಲಿದೆ. ಹೇಳುವವರು ತೀರಿಕೊಂಡರೆ ಅದೂ ತೀರಿತು.

ಆದ್ದರಿಂದ ನನ್ನ ಓದುಗ ಸೋದರಿಯರಲ್ಲಿ ಒಂದು ಮಾತು. ನಿಮ್ಮ ಊರಿನಲ್ಲೂ ಒಂದು ಹಳೆಯ ಇಗರ್ಜಿಯೋ ಬಸದಿಯೋ ದರ್ಗಾವೋ ಇರುತ್ತದೆ. ನಾಲ್ಕು ಮಂದಿ ಸೇರಿ, ಬುತ್ತಿ ಕಟ್ಟಿಕೊಂಡು, ಜಾತ್ರೆಯಿಲ್ಲದ ಒಂದು ದಿನ ಹೋಗಿ. ಎಲ್ಲ ಮತದವರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕಷ್ಟದ ಮಾತುಗಳನ್ನು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಡುವಾಗ ನಾಲಗೆ ತಾನಾಗಿ ಹದಕ್ಕೆ ಬರುತ್ತದೆ. ಬಾಗಿಲ ಮೇಲಿನ ಇಸವಿಯನ್ನು ಓದಿ. ಆಮೇಲೆ ಆ ಬೀದಿಯ ಅತಿ ಹಿರಿಯ ಹೆಂಗಸಿನ ಮನೆಗೆ ಹೋಗಿ ಕುಳಿತು, "ಅಮ್ಮಾ, ಇದರ ಕಥೆಯೇನು?" ಎಂದು ಕೇಳಿ. ಕೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಹೆಸರು ಸಿಕ್ಕಿದರೆ ಹೆಸರನ್ನೂ ಬರೆಯಿರಿ.